ಕಾಕುವಿನ ಬೇಗಡೆ ಕಿರೀಟಗಳು

ಈಗೀಗ ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ಮೆಂತ್ಯದ ನೀರು ಕುಡಿಯುವುದು. ಮೈಯಲ್ಲಿ ಸಕ್ಕರೆ ಸೇರಿಕೊಂಡಿದೆ. ಡಾಕ್ಟರು ಕೊಟ್ಟ ಗುಳಿಗೆ ಸಾಲದೆಂದು ಓಣಿಯವರೆಲ್ಲ ಒಂದೊಂದು ಹೇಳಿದರು, ಕೊನೆಗೆ ಉಳಿದದ್ದು ಇದೊಂದು. ಹಿಂದಿನ ದಿನ ನೆನೆಹಾಕಿದ ಮೆಂತ್ಯ ಬೆಳಗಾಗುವಷ್ಟರಲ್ಲಿ ಉಬ್ಬಿ, ಲೋಳೆಯಾಗಿ, ಮುಚ್ಚಿದ ತಾಟು ಸರಿಸಿದರೆ ಸಾಕು, ಆ ಕಹಿ ವಾಸನೆ ಮೂಗಿಗೆ ಬಡಿಯುತ್ತದೆ. ಮನೆಯ ಉಳಿದವರಿಗೆ ಅದು ಔಷಧದ ವಾಸನೆ, ನನಗೆ ಕಿರೀಟದ ವಾಸನೆ. ಹಾಗೆಂದು ಮಕ್ಕಳ ಮುಂದೆ ಒಮ್ಮೆ ಅಂದೆ. ಅವರಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನಕ್ಕು ಮರಾಠಿಯಲ್ಲಿ ಏನೋ ಅಂದು ಹೋದರು. ಬಿಡಿಸಿ ಹೇಳುವಷ್ಟು ಉಸಿರು ನನ್ನಲ್ಲೂ ಉಳಿದಿಲ್ಲ. ಮಿರಜದ ಈ ಎರಡು ಕೋಣೆಯ ಮನೆಯಲ್ಲಿ ಮೊಣಕಾಲು ಹಿಡಿದುಕೊಂಡು ನಿಂತಲ್ಲಿಂದಲೇ ನಾನು ಸಾಂಗ್ಲಿಯ ಹಳೆಯ ಮನೆಯ ಹಿತ್ತಲ ಕೋಣೆಗೆ ಹೋಗಿ ಬರುತ್ತೇನೆ. ನಿಮಗೂ ಇಂಥದ್ದೊಂದು ಕೋಣೆ ಇದ್ದಿರಬೇಕು. ಬರುಬರುತ್ತ ಅಲ್ಲಿಗೆ ಹೋಗಿ ಬರುವುದೂ ಒಂದು ದಣಿವೇ ಎಂಬುದು ನಿಮಗೂ ಗೊತ್ತಿರಬೇಕು.

ನಮ್ಮದು ನಾಟಕದ ಸಾಮಾನು ಬಾಡಿಗೆಗೆ ಕೊಡುವ ಮನೆ. ನಮ್ಮ ಪೈಕಿ ಜನರೆಲ್ಲ ಬೆಲ್ಲ, ಅರಿಷಿಣ, ಕಿರಾಣಿ ಎಂದು ಒಂದೊಂದು ಅಂಗಡಿ ಹಿಡಿದು ಕೂತಿದ್ದರೆ, ನಮ್ಮ ಅಜ್ಜನಿಗೆ ಮಾತ್ರ ನಾಟಕದ ಹುಚ್ಚು ಹತ್ತಿತು. ಬೆಲ್ಲದ ವ್ಯಾಪಾರ ಬಿಟ್ಟು ರಾಜರ ಅಂಗಿ, ಋಷಿಗಳ ಗಡ್ಡ, ಬಿಲ್ಲು, ಗದೆ, ಕಿರೀಟ ಕೂಡಿಹಾಕಿದ. ಪೇಟೆಯವರು ನಕ್ಕರು. ಅಜ್ಜ ಹೋದ ಮೇಲೆ ಅಪ್ಪನ ತಮ್ಮ, ನಮ್ಮ ಬಸಣ್ಣ ಕಾಕಾ, ಅದನ್ನು ನಡೆಸಿಕೊಂಡು ಬಂದ. ಅಪ್ಪ ಅರಿಷಿಣದ ವಖಾರಿಯಲ್ಲಿ ದುಡಿಯುತ್ತಿದ್ದ, ಅವ್ವ ಅಡಿಗೆಮನೆ ನೋಡುತ್ತಿದ್ದಳು. ಕಾಕಾ ಮತ್ತು ಅವನ ಹೆಂಡತಿ ಗೌರಾ ಕಾಕುವಿಗೆ ಮಕ್ಕಳಿರಲಿಲ್ಲ. ನಾನು ಅವರ ಮಗಳಂತೆಯೇ ಹಿತ್ತಲ ಕೋಣೆಯಲ್ಲಿ ಬೆಳೆದೆ. ನಮ್ಮ ಸಾಮಾನು ಖಂಡೇರಾಜುರಿಯ ಕಡೆಯ ಕನ್ನಡ ಆಟಗಳಿಗೂ ಹೋಗುತ್ತಿತ್ತು, ಮಾಧವನಗರದ ಗಿರಣಿ ಕೆಲಸಗಾರರ ಮರಾಠಿ ನಾಟಕಗಳಿಗೂ ಹೋಗುತ್ತಿತ್ತು. ಈ ವಾರ ಕನ್ನಡದ ದುರ್ಯೋಧನ ತೊಟ್ಟ ಕಿರೀಟವನ್ನೇ ಮುಂದಿನ ವಾರ ಮರಾಠಿಯ ರಾವಣ ತೊಡುತ್ತಿದ್ದ, ಯಾರೂ ತಕರಾರು ಮಾಡುತ್ತಿರಲಿಲ್ಲ.

ಕಿರೀಟ ಮಾಡುವವಳು ಕಾಕು. ಹಿತ್ತಲ ಕೋಣೆಯ ಕಲ್ಲಿನ ದೋಣಿಯಲ್ಲಿ ಹಳೆಯ ಪೇಪರುಗಳು ಯಾವಾಗಲೂ ನೆನೆಯುತ್ತಿರುತ್ತಿದ್ದವು. ಅವನ್ನು ಹಿಂಡಿ, ನೆನೆದ ಮೆಂತ್ಯ ಅರೆದು ಹಾಕಿ, ಹುಣಸೆಬೀಜದ ಅಂಟು ಬೆರೆಸಿ ಒರಳಲ್ಲಿ ಕುಟ್ಟಿ, ಮಣ್ಣಿನ ಅಚ್ಚಿನ ಮೇಲೆ ಮೆತ್ತಿ ಬಿಸಿಲಿಗಿಡುತ್ತಿದ್ದಳು. ಒಣಗಿದ ಮೇಲೆ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಬಳಿದು ನುಣುಪು ಮಾಡುತ್ತಿದ್ದಳು. ಅಂಚಿಗೆ ಬಂಗಾರದ ಗುಂಡಿನ ಸಾಲು ಬೇಕಲ್ಲ, ಅದಕ್ಕೆ ಜೋಳದ ಕಾಳನ್ನು ಒಂದೊಂದಾಗಿ ಹಚ್ಚುತ್ತಿದ್ದಳು. ಬಳ್ಳಿಗೆ ಹತ್ತಿಯ ದಾರ, ಹೂವಿನ ಎಸಳಿಗೆ ಕುಂಬಳದ ಬೀಜ. ಇದೆಲ್ಲದರ ಮೇಲೆ ಬೇಗಡೆ ಹೊದಿಸುವುದು. ಬೇಗಡೆ ಎಂದರೆ ಬಂಗಾರದ ಬಣ್ಣದ, ಉಗುರು ತಾಗಿದರೆ ಹರಿಯುವ ತೆಳ್ಳನೆಯ ಹಾಳೆ. ಅದನ್ನು ಹಚ್ಚಿ, ಬೆರಳಿಂದ ಒತ್ತಿ, ಕವಡೆಯಿಂದ ಮೆಲ್ಲಗೆ ತಿಕ್ಕಿದರೆ ಕಣ್ಣೆದುರೇ ಜೋಳ ಹೋಗಿ ಗುಂಡು ಬರುತ್ತಿತ್ತು. ಬೆಳ್ಳಿ ಬೇಕಾದಾಗ ಪಾನಪಟ್ಟಿ ಅಂಗಡಿಯ ಮುಂದೆ ಬಿದ್ದ ಸಿಗರೇಟು ಪಾಕೀಟಿನ ಒಳಹಾಳೆಯನ್ನು ನಾವು ಮಕ್ಕಳು ಆರಿಸಿ ತಂದು, ಉಗುರಿನಿಂದ ಸುಕ್ಕು ತೆಗೆದು ಕೊಡುತ್ತಿದ್ದೆವು. ಮೆಂತ್ಯದ ಕಹಿ ಇರದಿದ್ದರೆ ಜೋಳದ ಆಸೆಗೆ ಇಲಿಗಳು ಹಸ್ತಿನಾಪುರವನ್ನೇ ತಿಂದುಬಿಡುತ್ತಿದ್ದವು. ಕೆಲಸಕ್ಕೆ ಕೂಡುವ ಮೊದಲು ಕಾಕು ಕೊರಳಿನ ಲಿಂಗದ ಕರಡಿಗೆಯನ್ನು ಕುಪ್ಪಸದೊಳಗೆ ಸರಿಸಿಕೊಳ್ಳುತ್ತಿದ್ದಳು. ಆ ಕೋಣೆಯಲ್ಲಿದ್ದ ಖರೇ ಬೆಳ್ಳಿ ಅದೊಂದೇ.

ಇಂಥ ಮನೆಯಲ್ಲಿ ಬೆಳೆದವಳಿಗೆ ಲೋಹ ಎಂದರೆ ಏನೆಂದು ತಿಳಿಯಬೇಕು? ಎತ್ತಿದರೆ ಕೈಗೆ ಬರುವುದು, ಮಳೆಗೆ ತೋಯಿಸಬಾರದ್ದು, ಕಚ್ಚಿದರೆ ಕಹಿಯಾಗಿರುವುದು ಎಂದೇ ನಾನು ತಿಳಿದಿದ್ದೆ. ಭೀಮನ ಗದೆಯನ್ನು ಹೆಗಲಿಗೇರಿಸಿಕೊಂಡು ಓಣಿ ತಿರುಗಿದವಳು ನಾನು. ಮಿರಜದಲ್ಲಿ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯಲ್ಲಿ ಒಮ್ಮೆ ತಾಮ್ರದ ಹಂಡೆಯನ್ನು ಅದೇ ಧೈರ್ಯದಲ್ಲಿ ಎತ್ತಲು ಹೋದೆ; ಅದು ಅಲ್ಲಾಡಲಿಲ್ಲ, ನಾನು ಬಚ್ಚಲಲ್ಲಿ ಬಿದ್ದೆ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಹಂಡೆಯ ಮೇಲೆ ಸಿಟ್ಟು ಬಂತು. ನಮ್ಮ ಮನೆಯ ಸಾಮಾನಿನ ಹಾಗೆ ಇರಲು ಅದಕ್ಕೇನಾಗಿತ್ತು ಎಂದು ಅತ್ತುಬಿಟ್ಟೆ.

ಕಾಕು ಲೋಹದ ರೂಪ ಮಾಡಿದರೆ ಅದರ ಸದ್ದು ಮಾಡುವವನು ಕಾಕಾ. ಸಾಮಾನಿನ ಟ್ರಂಕಿನ ಜೊತೆ ಆತನೂ ಊರೂರಿಗೆ ಹೋಗುತ್ತಿದ್ದ. ಕಟ್ಟಿಗೆಯ ಕತ್ತಿಗೆ ಕಟ್ಟಿಗೆಯ ಕತ್ತಿ ತಾಗಿದರೆ ರೊಟ್ಟಿ ಬಡಿದ ಸದ್ದು ಬರುತ್ತದೆ. ಅದನ್ನು ಕೇಳಿ ಯಾರು ಹೆದರುತ್ತಾರೆ? ಅದಕ್ಕೆ ಕಾಕಾ ಹಳೆಯ ಲಾರಿಯ ಉಕ್ಕಿನ ಕಮಾನುಪಟ್ಟಿಯ ಎರಡು ತುಂಡು ಇಟ್ಟುಕೊಂಡಿದ್ದ. ಪರದೆಯ ಮರೆಯಲ್ಲಿ ಕೂತು, ಪಾತ್ರಧಾರಿಯ ಹೆಗಲು ನೋಡುತ್ತ, ಕತ್ತಿಗಳು ಕೂಡುವ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿದ್ದ. ಠಣ್ ಎಂದರೆ ಮುಂದಿನ ಸಾಲಿನ ಹುಡುಗರು ಹಿಂದೆ ಸರಿಯುತ್ತಿದ್ದರು. ಕಿರೀಟಕ್ಕೆ ತೂಕ ಹಾಕಿಸಿದವನೂ ಕಾಕಾನೇ. ಕಾಕುವಿನ ಕಿರೀಟ ಎಷ್ಟು ಹಗುರವೆಂದರೆ ತೊಟ್ಟವರಿಗೆ ತೊಟ್ಟದ್ದೇ ಮರೆತುಹೋಗಿ, ಮಹಾರಾಜರು ಸಂತೆಗೆ ಹೊರಟವರಂತೆ ಲಗುಬಗೆಯಿಂದ ನಡೆಯುತ್ತಿದ್ದರು. "ಗೌರಾ, ತಲಿ ಮ್ಯಾಲೆ ಭಾರ ಇದ್ರನ ಮನಷ್ಯಾ ರಾಜಾನಂಗ ನಡೀತಾನ," ಎಂದು ಕಾಕಾ ಹೇಳಿದ ಮೇಲೆ ಕಾಕು ಕಿರೀಟದ ಒಳಸುತ್ತಿಗೆ ಬಟ್ಟೆಯ ಸಣ್ಣ ಚೀಲ ಹೊಲಿದು ಅದರಲ್ಲಿ ಹುಣಸೆಬೀಜ ತುಂಬತೊಡಗಿದಳು. ಅಂದಿನಿಂದ ನಮ್ಮ ರಾಜರ ಕತ್ತು ನೆಟ್ಟಗಾಯಿತು.

ಕಾಕು ಮಾತ್ರ ಒಂದು ನಾಟಕವನ್ನೂ ನೋಡಿದವಳಲ್ಲ. ಆಗೆಲ್ಲ ಆಟ ಬೆಳತನಕ ನಡೆಯುತ್ತಿತ್ತು, ನಮ್ಮ ಮನೆಯ ಹೆಣ್ಣುಮಕ್ಕಳು ಹೋಗುತ್ತಿರಲಿಲ್ಲ; ಮೇಲಾಗಿ ಅಜ್ಜಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು, ಆಕೆಯ ಸೇವೆಯೆಲ್ಲ ಕಾಕುವಿನದೇ. ಹಾಗಾಗಿ ಕಾಕಾ ತಿರುಗಿ ಬಂದ ಬೆಳಿಗ್ಗೆ ಚಹಾ ಕೊಡುತ್ತ ಆಕೆ ಕೇಳುವುದು ಒಂದೇ ಮಾತು: "ಹೆಂಗ ಕಾಣತಿತ್ರಿ?" ಕಾಕಾ ಬಸಿಯಿಂದ ಮುಖ ಎತ್ತದೆ, "ಖರೇ ಬಂಗಾರಧಂಗ" ಎನ್ನುತ್ತಿದ್ದ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಆಮೇಲೆ ಟ್ರಂಕು ತೆಗೆದು, ಎಲ್ಲಿ ನೆಗ್ಗಿದೆ, ಎಲ್ಲಿ ಬೇಗಡೆ ಎದ್ದಿದೆ ಎಂದು ನೋಡಿ ರಿಪೇರಿಗೆ ಕೂಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆಕೆಯ ಹತ್ತೂ ಬೆರಳು ಬಂಗಾರವಾಗಿರುತ್ತಿದ್ದವು, ಅದೇ ಬೆರಳಲ್ಲಿ ನನಗೆ ಜಡೆ ಹಾಕುತ್ತಿದ್ದಳು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಪ್ಲಾಸ್ಟಿಕ್ಕಿನ ಕಿರೀಟ ಬಂತು. ಮುಂಬಯಿಯಿಂದ ಬರುತ್ತಿದ್ದ ಮಾಲು. ಮೇಲೆ ಬಂಗಾರದ ಬಣ್ಣದ ಲೇಪ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿದ್ದರೆ ಮುರಿಯದು, ತೋಯ್ದರೆ ಕರಗದು, ತಲೆಗೆ ಭಾರವೂ ಇಲ್ಲ. ಊರವರು ಅದನ್ನೇ ಕೇಳತೊಡಗಿದರು. ಕಾಕಾ ಕಾಕುವಿಗೆ ಹೇಳದೆ ಅಂಥವನ್ನು ಕೊಂಡು ತಂದು ಗೆಳೆಯನ ಅಂಗಡಿಯಲ್ಲಿ ಇಟ್ಟಿದ್ದ, ಆಟವಿದ್ದ ದಿನ ಹಾದಿಯಲ್ಲಿ ಟೆಂಪೋಕ್ಕೆ ಹಾಕಿಕೊಳ್ಳುತ್ತಿದ್ದ. ಇದು ನನಗೆ ಗೊತ್ತಾದದ್ದು ಮಾಧವನಗರದಲ್ಲಿ. ಆ ಸಲ ಹಟ ಹಿಡಿದು ನಾನೂ ಜೊತೆಗೆ ಹೋಗಿದ್ದೆ. ನಾಟಕ ಮುಗಿಯುವತನಕ ಕಾಕುವಿನ ಟ್ರಂಕಿನ ಬೀಗವನ್ನೇ ತೆಗೆಯಲಿಲ್ಲ. ತಿರುಗಿ ಬರುವಾಗ ಟೆಂಪೋದ ಹಿಂದೆ ಸಾಮಾನಿನ ನಡುವೆ ಕೂತು ಕಾಕಾ ಟ್ರಂಕು ತೆರೆದ, ಒಂದು ಕಿರೀಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಅದರ ಎಸಳೊಂದನ್ನು ಹೆಬ್ಬೆರಳಿನಿಂದ ಒತ್ತಿ ನೆಗ್ಗಿಸಿದ. ಇನ್ನೊಂದರ ಅಂಚಿನಲ್ಲಿ ಬೇಗಡೆ ಎಬ್ಬಿಸಿದ.

"ಯಾಕ್ರಿ ಕಾಕಾ, ಅದನ್ಯಾಕ ಕೆಡಸ್ತೀರಿ?" ಎಂದೆ.

ಕಾಕಾ ಕಿರೀಟವನ್ನು ಟ್ರಂಕಿಗೆ ಹಾಕುತ್ತ, "ಆಕೀಗೆ ಇದ ಒಂದ ಕೆಲಸ ಐತೆವಾ ಶೈಲಾ. ಇನ್ಯಾರೂ ಕೇಳಂಗಿಲ್ಲ ಅಂತ ತಿಳೀತಂದ್ರ ಆ ಕೋಣ್ಯಾಗ ಕುಂತು ಏನ ಮಾಡ್ಯಾಳು? ಕೈ ಖಾಲಿ ಆದ್ರ ಆಕಿ ಬದಕಂಗಿಲ್ಲ," ಎಂದ. ನಾನು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಾಕು ಎಂದಿನಂತೆ ಕೇಳಿದಳು, ಕಾಕಾ ಎಂದಿನಂತೆ ಹೇಳಿದ.

ಹೀಗೆಯೇ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ. ಅಷ್ಟರಲ್ಲಿ ಕಾಕಾನ ಕಣ್ಣು ಮಂಜಾಯಿತು. ಮಿರಜದ ಆಸ್ಪತ್ರೆಯಲ್ಲಿ ತೋರಿಸಿದರೆ, ಮೋತಿಬಿಂದು, ಅಂದರೆ ಪೊರೆ, ಆಗಿದ್ದರೆ ತೆಗೆಯಬಹುದಿತ್ತು, ಇದು ಕಾಚಬಿಂದು, ಕಣ್ಣಿನ ನರವೇ ಸವೆದಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು. ಹತ್ತಿರದ್ದೂ ಅವನಿಗೆ ಹೊಗೆಯೊಳಗೆ ಕಂಡಂತೆ ಕಾಣುತ್ತಿತ್ತು. ಆದರೂ ಕಮಾನುಪಟ್ಟಿ ಬಿಡಲಿಲ್ಲ. ಒಂದು ಊರಲ್ಲಿ ಕತ್ತಿಗಳು ಕೂಡಿ ಬೇರೆಯಾದ ಮೇಲೆ ಠಣ್ ಎಂದಿತು. ಮತ್ತೊಮ್ಮೆ ಯಾರೂ ಕತ್ತಿ ಎತ್ತುವ ಮೊದಲೇ ಎಂದಿತು. ಜನ ಬಿದ್ದು ಬಿದ್ದು ನಕ್ಕರು. ಕಾಕಾ ಮನೆಗೆ ಬಂದವನು ಊಟ ಒಲ್ಲೆನೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕಾಕು ಎಲ್ಲವನ್ನೂ ಟೆಂಪೋದ ಹುಡುಗನ ಬಾಯಿಂದ ಕೇಳಿ ತಿಳಿದುಕೊಂಡಳು.

"ಮುಂದಿನ ಆಟಕ್ಕ ನಾ ಬರ್ತೇನಿ," ಎಂದಳು. "ನಿಮ್ಮ ಹಿಂದ ಕುಂದರ್ತೇನಿ. ಕತ್ತಿ ಕೂಡೂ ಹೊತ್ತಿಗೆ ಬೆನ್ನ ಮ್ಯಾಲೆ ಬಡೀತೇನಿ, ನೀವು ಹೊಡೀರಿ."

"ಹೆಣ್ಮಕ್ಕಳು ಬಂದು ಅಲ್ಲಿ ಕುಂದ್ರೂದು ಛಲೋ ಕಾಣಂಗಿಲ್ಲ," ಎಂದ ಕಾಕಾ.

"ಇಷ್ಟ ದಿವಸ ಏನ ಛಲೋ ಕಂಡಿತ್ತೋ ಅದು ಸಾಕು," ಎಂದಳು ಕಾಕು. ಆಕೆ ಹಾಗೆ ಎದುರು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಕಾಕಾ ಸಿಡುಕಿದ, ಹೊಸ ಹೊಸ ನೆವ ತೆಗೆದ, ಕೊನೆಗೆ ಒಪ್ಪಿಕೊಂಡ. ಆತನ ಎದೆಯಲ್ಲಿ ಏನು ನಡೆದಿತ್ತೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಾಕು ಬಂದರೆ ಆತನ ಸದ್ದು ಉಳಿಯುತ್ತಿತ್ತು, ಆದರೆ ಆಕೆಯ ಕಿರೀಟ ಯಾರ ತಲೆಯ ಮೇಲೂ ಇಲ್ಲವೆಂಬುದು ಅಂದೇ ಬಯಲಾಗುತ್ತಿತ್ತು.

ಮುಂದಿನ ಆಟ ಮಿರಜದಿಂದ ಆಚೆ ಮೂಡಣ ದಿಕ್ಕಿನ ಒಂದು ಹಳ್ಳಿಯಲ್ಲಿ. ಅಷ್ಟೊತ್ತಿಗೆ ಭೋಂಗಾ, ಅಂದರೆ ಧ್ವನಿವರ್ಧಕ, ಹಚ್ಚುವುದಕ್ಕೆ ಹೊತ್ತಿನ ನಿರ್ಬಂಧ ಬಂದಿತ್ತಾದ್ದರಿಂದ ಆ ಊರವರು ಸಂಜೆ ನಾಲ್ಕಕ್ಕೇ ಆಟ ಶುರು ಮಾಡುತ್ತಿದ್ದರು. ಅಜ್ಜಿಯನ್ನು ಅವ್ವನಿಗೆ ಒಪ್ಪಿಸಿ ಕಾಕು ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅವಳನ್ನು ಪರದೆಯ ಬದಿಗೆ ಕೂಡಿಸಿ ಕಾಕಾ ನನ್ನ ಕೈ ಹಿಡಿದುಕೊಂಡು ಬಣ್ಣದ ಕೋಣೆಗೆ ಹೋದ. ದುರ್ಯೋಧನನ ಪಾತ್ರದ ರಾಯಗೊಂಡ ಮೀಸೆ ಹಚ್ಚಿಕೊಳ್ಳುತ್ತಿದ್ದ. ಕಾಕಾ ಟ್ರಂಕಿನಿಂದ ಕಾಕುವಿನ ದೊಡ್ಡ ಕಿರೀಟ ತೆಗೆಸಿ ಅವನ ಕೈಗಿಟ್ಟು, "ರಾಯಗೊಂಡಪ್ಪಾ, ಇವತ್ತೊಂದ ಸಲ ಇದನ್ನ ಹಾಕ್ಕೋರಿ. ಮಾಡಿದಾಕಿ ಬಂದಾಳ. ಇನ್ನೊಮ್ಮೆ ಕೇಳಂಗಿಲ್ಲ," ಎಂದ. ಜೀವನದಲ್ಲಿ ಯಾರ ಮುಂದೆಯೂ ಕೈ ಜೋಡಿಸದವನು ಅವನ ಎರಡೂ ಕೈ ಹಿಡಿದುಕೊಂಡಿದ್ದ. ರಾಯಗೊಂಡ, "ಆತಳ್ರಿ ಕಾಕಾ, ಅದರಾಗೇನೈತಿ," ಎಂದ. ಕಾಕಾನ ಮುಖ ಎಷ್ಟು ಹಗುರಾಯಿತೆಂದರೆ ನನಗೆ ಅಳು ಬಂತು.

ರಾಯಗೊಂಡ ಕೆಟ್ಟವನಲ್ಲ. ಒಳಗೇ ಒಮ್ಮೆ ತೊಟ್ಟುಕೊಂಡು ನೋಡಿದನೋ, ಕುಣಿತಕ್ಕೆ ಭಾರವಾಯಿತೋ, ಪ್ಲಾಸ್ಟಿಕ್ಕಿಗೆ ಒಗ್ಗಿದ ಕುತ್ತಿಗೆಗೆ ಹುಣಸೆಬೀಜ ಒಗ್ಗಲಿಲ್ಲವೋ, ನಾನು ಕೇಳಲಿಲ್ಲ. ಪರದೆ ಸರಿದಾಗ ಅವನ ತಲೆಯ ಮೇಲೆ ಇದ್ದದ್ದು ಪ್ಲಾಸ್ಟಿಕ್ಕಿನದು. ಇಳಿಬಿಸಿಲು ಬಿದ್ದು ಅದು ಕಣ್ಣು ಚುಚ್ಚುವಂತೆ ಹೊಳೆಯುತ್ತಿತ್ತು. ಕಾಕುವಿನ ಕಿರೀಟ ನಮ್ಮ ಹಿಂದೆ ಒಂದು ಸ್ಟೂಲಿನ ಮೇಲೆ ಇತ್ತು. ಕಾಕಾ ಮುಖ ಮೇಲೆತ್ತಿ ಆ ಹೊಳಪಿನ ಕಡೆ ನೋಡುತ್ತಿದ್ದ. ಅವನಿಗೆ ಕಂಡದ್ದು ಒಂದು ಹಳದಿ ಚುಕ್ಕೆ ಅಷ್ಟೇ. "ಕಂಡ್ತೇನ, ಗೌರಾ? ಕಂಡ್ತೇನ?" ಎಂದು ಪಿಸುಗುಟ್ಟಿದ. ಕಾಕು ರಂಗದ ಕಡೆ ನೋಡಿದಳು, ಹಿಂದೆ ಸ್ಟೂಲಿನ ಕಡೆ ನೋಡಿದಳು, ಮತ್ತೆ ಮುಂದೆ ನೋಡಿದಳು.

"ಹೂಂ, ಕಂಡ್ತರಿ," ಎಂದಳು.

"ಹೆಂಗ ಕಾಣತೈತಿ?"

"ಖರೇ ಬಂಗಾರಧಂಗ."

ಕಾಕಾ ನಕ್ಕ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಯುದ್ಧದ ಪ್ರವೇಶ ಬಂತು. ಕಾಕು ಅವನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಮಗುವಿಗೆ ತಟ್ಟುವಷ್ಟು ಮೆಲ್ಲಗೆ ಬಡಿದರೂ ಸಾಕು, ಕಾಕಾ ಹೊಡೆಯುತ್ತಿದ್ದ. ಒಂದು ಪೆಟ್ಟೂ ತಪ್ಪಲಿಲ್ಲ. ಮುಂದಿನ ಸಾಲಿನ ಹುಡುಗರು ಹಿಂದೆ ಸರಿದರು, ಯಾರೂ ನಗಲಿಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಕಾಕಾ ಒಬ್ಬನೇ ಮಾತಾಡಿದ. ಮರುದಿನ ಟ್ರಂಕು ತೆರೆದರೆ ದೊಡ್ಡ ಕಿರೀಟದ ಒಂದು ಎಸಳು ನೆಗ್ಗಿತ್ತು. ಮುಟ್ಟಿ ನೋಡಿಯೇ ಆತ ಅದನ್ನು ಯಾವಾಗಲೋ ಮಾಡಿ ಮುಗಿಸಿದ್ದ. ಕಾಕು ಮೆಂತ್ಯ ಅರೆಯಲು ಕೂತಳು.

ಅದಾದ ಮೇಲೆ ಹೆಚ್ಚು ಆಟಗಳು ಬರಲಿಲ್ಲ. ಸದ್ದು ಯಂತ್ರದಿಂದ ಬರತೊಡಗಿತು, ಆಮೇಲೆ ನಾಟಕ ಮಾಡುವವರೇ ಕಡಿಮೆಯಾದರು. ಕಾಕಾ ಇದ್ದಷ್ಟು ದಿನ ಮನೆಗೆ ಬಂದವರಿಗೆಲ್ಲ ಆ ಸಂಜೆಯ ಕಥೆ ಹೇಳುತ್ತಿದ್ದ, ಕಾಕು ಹೌದೆಂದು ತಲೆಯಾಡಿಸುತ್ತಿದ್ದಳು. ಕಾಕಾನನ್ನು ಮಣ್ಣು ಮಾಡಿದ ದಿನ ರಾಯಗೊಂಡನೂ ಬಂದಿದ್ದ. ಕಾಕುವಿನ ಮುಂದೆ ಕೂತು, ತಪ್ಪಿತಸ್ಥನಂತೆ ನೆಲ ನೋಡುತ್ತ, "ಕಾಕು, ಆ ದಿವಸ..." ಎಂದು ಶುರು ಮಾಡಿದ. ಕಾಕು ಅಲ್ಲಿಗೇ ತಡೆದು, "ನಿಮ್ಮ ತಲಿ ಮ್ಯಾಲೆ ಛಂದ ಒಪ್ಪಿತ್ತು ನೋಡ್ರಿ," ಎಂದಳು. ಆತ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಮುಂದೆ ಒಂದು ಮಳೆಗಾಲ ಕೃಷ್ಣೆಯ ನೀರು ಹಿತ್ತಲ ಕೋಣೆಗೂ ಬಂತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಟ್ರಂಕಿನ ತುಂಬ ಕೆಸರಿನಂಥ ಕಾಗದದ ಗಂಜಿ, ನಡುನಡುವೆ ಬೇಗಡೆಯ ಚೂರು. ಮನೆ ಮಾರಿದೆವು. ಅವ್ವ ಅಪ್ಪ ಮೊದಲೇ ಹೋಗಿದ್ದರು. ಕಾಕುವನ್ನು ನಾನು ಮಿರಜಕ್ಕೆ ಕರೆದುಕೊಂಡು ಬಂದೆ.

ಇಲ್ಲಿ ಆಕೆಗೆ ಮಾಡಲು ಏನೂ ಇರಲಿಲ್ಲ. ಕಿಟಕಿಯ ಬಳಿ ಕೂತು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದಾಗ, ಇನ್ನು ಹೇಳಿದರೆ ಯಾರಿಗೆ ನೋವು ಎಂದುಕೊಂಡು ಕೇಳಿಯೇಬಿಟ್ಟೆ.

"ಕಾಕು, ಅವತ್ತ ದುರ್ಯೋಧನನ ತಲಿ ಮ್ಯಾಲೆ ಇದ್ದದ್ದ ಪ್ಲಾಸ್ಟಿಕ್ಕಿಂದು. ನೀವು ನೋಡೇರಿ. ಕಾಕಾಗ ಯಾಕ ಹಂಗ ಹೇಳಿದ್ರಿ?"

ಕಾಕು ಮೊರದಿಂದ ಕಣ್ಣೆತ್ತಲಿಲ್ಲ. "ಅವರು ನನಗ ಅಷ್ಟ ವರ್ಷ ಹೇಳಿದ್ರು. ನಾ ಒಂದ ಸಲ ಹೇಳಿದ್ನಿ."

ಅಕ್ಕಿ ನನ್ನ ಕೈಯಲ್ಲೇ ಉಳಿಯಿತು. "ಅಂದ್ರ, ನಿಮಗ ಮೊದಲಽ ಗೊತ್ತಿತ್ತೇನ್ರಿ?"

"ಬಿದ್ದು ನೆಗ್ಗಿದ್ದ ಬ್ಯಾರೆ, ಒತ್ತಿ ನೆಗ್ಗಿಸಿದ್ದ ಬ್ಯಾರೆ. ಕೈಗೆ ತಿಳಿಯೂದಿಲ್ಲೇನ? ಬೇಗಡಿ ಮ್ಯಾಲೆ ಅವರ ಹೆಬ್ಬಟ್ಟ ಹಂಗ ಕುಂತಿರ್ತಿತ್ತು." ಕಾಕು ಒಂದು ಕಲ್ಲು ಹೆಕ್ಕಿ ಬದಿಗಿಟ್ಟಳು. "ಅದನ್ನ ಅಳಸಾಕ ನನಗ ಜೀವ ಒಪ್ಪತಿದ್ದಿಲ್ಲ. ಆದ್ರ ಅಳಸದಿದ್ರ, ಅವರಿಗೆ ಮುಂದಿನ ಸಲ ಒತ್ತಾಕ ಜಾಗಾ ಎಲ್ಲಿ ಇರ್ತಿತ್ತವಾ?"